ಗುಡ್ಡೆಯ ಬೆಂಕಿ ಮನೆಗೆ ಬಂದೀತೇ? ಕಾಡಂಚಿನ ಹಂಚಿನ ಮನೆಯವರ ಪ್ರಶ್ನೆ

ಪ್ರಶ್ನೆ: ನಮ್ಮದು ಕಾರ್ಕಳ ತಾಲೂಕಿನ ಮಾಳದ ಕಡೆ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿಗೆ ತಾಗಿದಂತಿರುವ ತೋಟ. ಅಜ್ಜನ ಕಾಲದ ಹಂಚಿನ ಮನೆ. ಕೆಂಪು ಕಲ್ಲಿನ ಗೋಡೆ, ಮರದ ಮುಚ್ಚಿಗೆ, ಮೇಲೆ ಉಪ್ಪರಿಗೆ. ಒಂದು ವರ್ಷದಿಂದ ಉಪ್ಪರಿಗೆಯ ಮೂರು ಕೋಣೆಗಳನ್ನು ಹೋಮ್‌ಸ್ಟೇಗೆ ಕೊಡುತ್ತಿದ್ದೇವೆ. ಕಳೆದ ಮಾರ್ಚ್‌ನಲ್ಲಿ ಮೇಲಿನ ಗುಡ್ಡೆಯ ಹುಲ್ಲಿಗೆ ಬೆಂಕಿ ಬಿದ್ದು ಎರಡು ರಾತ್ರಿ ಉರಿಯಿತು. ಬೂದಿ ನಮ್ಮ ಅಂಗಳಕ್ಕೇ ಬಂದು ಬಿತ್ತು. ಅಂದಿನಿಂದ ನನಗೆ ನಿದ್ದೆ ಸರಿ ಇಲ್ಲ. ಹಂಚಿನ ಮಾಡಿಗೆ ಬೆಂಕಿ ಹಿಡಿಯುವುದಿಲ್ಲ, ಹೆದರಬೇಡಿ ಅಂತ ನೆರೆಮನೆಯವರು ಹೇಳುತ್ತಾರೆ. ಮಂಗಳೂರಿನಿಂದ ಬಂದ ಸೇಲ್ಸ್‌ನವರೊಬ್ಬರು ಮಾಡಿನ ಮೇಲೆ ಸ್ಪ್ರಿಂಕ್ಲರ್, ಮರಕ್ಕೆಲ್ಲ ಫೈರ್ ಪ್ರೂಫ್ ಪೇಂಟ್, ಕೋಣೆಗೊಂದು ಫೈರ್ ಬಾಲ್ (ಉರಿ ತಾಗಿದರೆ ಒಡೆದು ಬೆಂಕಿ ಆರಿಸುವ ಪೌಡರ್ ಚೆಲ್ಲುವ ಚೆಂಡು) ಹಾಕಿಸಿ ಅಂದರು. ನಾವೇ ಮೊದಲು ಗುಡ್ಡೆಗೆ ಬೆಂಕಿ ಕೊಟ್ಟು ಸುಟ್ಟುಬಿಡೋಣ ಅನ್ನುವುದು ಯಜಮಾನರ ಲೆಕ್ಕ. ಫೈರ್ ಆಂಡ್ ಸೇಫ್ಟಿ ಕಲಿಯುತ್ತಿರುವ ಮಗಳು, ಅಮೆರಿಕದ ನ್ಯಾಷನಲ್ ಪಾರ್ಕುಗಳಲ್ಲಿ ಕಾಡಿನ ಬೆಂಕಿಗೆ ಬೇರೆ, ಕಟ್ಟಡದ ಬೆಂಕಿಗೆ ಬೇರೆ ತಜ್ಞರು ಇರುತ್ತಾರಂತೆ, ಅಂಥವರನ್ನು ಕೇಳು ಅಂದಳು. ಅವಳಿಗೂ ಅದೇ ಕೆಲಸದ ಮೇಲೆ ಆಸೆ. ಯಾರ ಮಾತು ಕೇಳಲಿ? ಎಲ್ಲಿಂದ ಶುರು ಮಾಡಲಿ?

ಉತ್ತರ: ಮಗಳು ಸರಿಯಾಗಿಯೇ ಹೇಳಿದ್ದಾಳೆ. ನಾನು ಉಡುಪಿಯಲ್ಲಿದ್ದುಕೊಂಡು ಮಾಡುವುದು ಅದೇ ಕೆಲಸ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಒಳಗೆ ಮತ್ತು ಅಂಚಿನಲ್ಲಿ ಇರುವ ಕಟ್ಟಡಗಳ ಬೆಂಕಿ ಸುರಕ್ಷತೆ. ಪ್ರವಾಸಿಗಳ ಬಂಗಲೆ, ಸಿಬ್ಬಂದಿ ಕ್ವಾರ್ಟರ್ಸ್, ಕಳ್ಳಬೇಟೆ ತಡೆ ಶಿಬಿರ, ಬ್ರಿಟಿಷರ ಕಾಲದ ಐಬಿ (ಇನ್‌ಸ್ಪೆಕ್ಷನ್ ಬಂಗಲೆ), ಎಲ್ಲ ಸೇರಿತು. ಗುಡ್ಡೆಗೆ ಬಿದ್ದ ಬೆಂಕಿ ಆರಿಸುವುದು ಅರಣ್ಯ ಇಲಾಖೆಯವರ ಮತ್ತು ಬೆಂಕಿ ಕಾವಲುಗಾರರ ಕೆಲಸ, ಅದರಲ್ಲಿ ಅವರನ್ನು ಮೀರಿಸುವವರಿಲ್ಲ. ನಾನು ಹೋದರೆ ಮೊದಲು ನೋಡುವುದು ಮಾಡು, ಅಟ್ಟ, ಮೆಟ್ಟಿಲು, ಮೀಟರ್ ಬೋರ್ಡ್.

ನಿಮ್ಮ ಹೆದರಿಕೆ ಏನೆಂದರೆ, ಗುಡ್ಡೆಯ ಬೆಂಕಿ ಉರಿದುಕೊಂಡು ಇಳಿದು ಬಂದು ಮನೆಯನ್ನು ನುಂಗುತ್ತದೆ ಅಂತ. ಗುಡ್ಡೆಯ ಬೆಂಕಿಯಿಂದ ಅಪಾಯ ಇದೆ, ಆದರೆ ಅದು ಬರುವ ದಾರಿ ಬೇರೆ. ಅದಕ್ಕಿಂತ ದೊಡ್ಡ ಅಪಾಯ ನೀವು ಮಾತಿನ ನಡುವೆ ಸುಮ್ನೆ ಹೇಳಿಬಿಟ್ಟ ಒಂದು ಸಾಲಿನಲ್ಲಿದೆ: ಉಪ್ಪರಿಗೆಯ ಮೂರು ಕೋಣೆಗಳನ್ನು ಹೋಮ್‌ಸ್ಟೇಗೆ ಕೊಡುತ್ತಿದ್ದೇವೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಗುಡ್ಡೆ. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುಮಾರು 600 ಚದರ ಕಿಲೋಮೀಟರ್, ಉಡುಪಿ, ದಕ್ಷಿಣ ಕನ್ನಡ, ಚಿಕ್ಕಮಗಳೂರು ಮೂರೂ ಜಿಲ್ಲೆಗೆ ಹರಡಿಕೊಂಡಿದೆ. ನೆತ್ತಿಯ ಮೇಲೆ ಹುಲ್ಲುಗಾವಲು, ನಡುವಿನ ಕಣಿವೆಗಳಲ್ಲಿ ಶೋಲಾ ಅನ್ನುವ ಕುಳ್ಳ ಮರಗಳ ಕಾಡು, ನಮ್ಮ ಬದಿಯ ಇಳಿಜಾರಿನಲ್ಲಿ ಹಸಿರು ಆರದ ದಟ್ಟ ಕಾಡು. ಜನವರಿಯಲ್ಲಿ ಹುಲ್ಲು ಒಣಗಲು ಶುರುವಾದರೆ ಮಳೆ ಬೀಳುವ ತನಕ ಭಯವೇ. ಫೆಬ್ರವರಿ, ಮಾರ್ಚ್ ತುಂಬಾ ಕೆಟ್ಟ ತಿಂಗಳುಗಳು. ಒಣಹುಲ್ಲಿಗೆ ಬಿದ್ದ ಬೆಂಕಿ ಸರ್ರನೆ ಓಡುತ್ತದೆ, ಅಷ್ಟೇ ಬೇಗ ಆರಿಯೂ ಹೋಗುತ್ತದೆ. ಹಸಿ ಕಾಡಿನೊಳಗೆ ಹೊಕ್ಕರೆ ನೆಲದ ತರಗೆಲೆಯಲ್ಲಿ ತೆವಳುತ್ತದೆ. ಅಮೆರಿಕದ ಪೈನ್ ಕಾಡುಗಳ ವಿಡಿಯೋದಲ್ಲಿ ಕಾಣುವ ಹಾಗೆ ಮರದ ತುದಿಯಿಂದ ತುದಿಗೆ ಹಾರುವ ಬೆಂಕಿ ನಮ್ಮ ಇಳಿಜಾರಿನಲ್ಲಿ ಅಪರೂಪ. ಮೊಬೈಲಿನಲ್ಲಿ ಅಂಥ ವಿಡಿಯೋ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಇನ್ನೊಂದು ವಿಷಯ. ಬೆಂಕಿ ಏರು ಹತ್ತುವಾಗ ಜೋರು, ಇಳಿಯುವಾಗ ನಿಧಾನ. ಉರಿಯ ಬಿಸಿ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸಿ ಇಡುತ್ತದೆ. ಇಳಿಜಾರು 10 ಡಿಗ್ರಿ ಜಾಸ್ತಿಯಾದರೆ ಹತ್ತುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಅಂತ ಈ ಕಸುಬಿನಲ್ಲಿ ಒಂದು ಅಂದಾಜು ಇದೆ. ಅದರ ಮೇಲೆ ನಮ್ಮ ಊರಿನ ಗಾಳಿ. ಬೇಸಿಗೆಯ ಮಧ್ಯಾಹ್ನ ಕಡಲ ಗಾಳಿ ಬೀಸುವುದು ಘಟ್ಟದ ಕಡೆಗೆ, ಅಂದರೆ ಏರಿನ ಕಡೆಗೇ. ಹಾಗಾಗಿ ನಿಮ್ಮ ಮನೆಯ ಮೇಲಿನ ಗುಡ್ಡೆಗಿಂತ ಮನೆಯ ಕೆಳಗೆ, ಪಡುವಣ ಬದಿಯಲ್ಲಿ ಹುಟ್ಟುವ ಬೆಂಕಿಗೆ ನಾನು ಜಾಸ್ತಿ ಹೆದರುತ್ತೇನೆ. ರಸ್ತೆ ಬದಿಯ ಮುಳಿಹುಲ್ಲಿಗೆ ಯಾರೋ ಎಸೆದ ಬೀಡಿ ತುಂಡು. ತೋಟದ ಬದಿಯಲ್ಲಿ ಕಸಕ್ಕೆ ಬೆಂಕಿ ಹಾಕಿ ಊಟಕ್ಕೆ ಹೋದ ಆಳು. ನೀವು ಇಷ್ಟು ದಿನ ಮೂಡು ಬದಿಯ ಕಿಟಕಿಯಿಂದ ಗುಡ್ಡೆ ನೋಡುತ್ತಾ ಕೂತಿರಬಹುದು. ಪಡುವಣ ಬದಿಗೂ ಒಂದು ಸುತ್ತು ಹಾಕಿ. ರಾತ್ರಿ, ಬೆಳಗಿನ ಜಾವ ಗಾಳಿ ತಿರುಗಿ ಘಟ್ಟದಿಂದ ಕೆಳಗೆ ಇಳಿಯುತ್ತದೆ. ನಿಮ್ಮ ಅಂಗಳಕ್ಕೆ ಬೂದಿ ಬಿದ್ದದ್ದು ಬಹುಶಃ ಆ ಹೊತ್ತಿನಲ್ಲಿ.

ಬಿದಿರಿಗೆ ಬಿದಿರು ಉಜ್ಜಿ ಕಾಳ್ಗಿಚ್ಚು ಹುಟ್ಟುತ್ತದೆ ಅಂತ ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದವರೇ. ಅದನ್ನು ಬಿಟ್ಟುಬಿಡಿ. ನಮ್ಮ ಕಾಡಿನ ಬೆಂಕಿ ಹೆಚ್ಚುಕಡಿಮೆ ಎಲ್ಲವೂ ಮನುಷ್ಯರ ಕೈಯಿಂದಲೇ ಹತ್ತಿದ್ದು, ಬೇಕೆಂದೋ, ಗೊತ್ತಿಲ್ಲದೆಯೋ.

ಈಗ ಬೂದಿಯ ವಿಷಯ. ನಿಮ್ಮನ್ನು ಹೆದರಿಸಿದ ಆ ಬೂದಿಯೇ ನಿಜವಾದ ಸುಳಿವು. ಬೂದಿ ಬಂತು ಅಂದರೆ ಅದೇ ದಾರಿಯಲ್ಲಿ ಕಿಡಿಯೂ ಬರಬಹುದು. ಕಾಡಂಚಿನ ಕಟ್ಟಡಗಳು ಸುಡುವುದು ಹೆಚ್ಚಾಗಿ ಎದುರಿನ ಜ್ವಾಲೆಯಿಂದಲ್ಲ, ಹಾರಿ ಬಂದು ಸಂದಿಯಲ್ಲಿ ಕೂತ ಕೆಂಡದಿಂದ. ಅಮೆರಿಕದ ಅರಣ್ಯ ಸೇವೆಯ ಸಂಶೋಧಕ ಜ್ಯಾಕ್ ಕೋಹೆನ್ 1990ರ ದಶಕದ ಕೊನೆಯಲ್ಲಿ ಕೆನಡಾದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಕಾಡಿನ ಅಂಚಿನಿಂದ 10, 20, 30 ಮೀಟರ್ ದೂರದಲ್ಲಿ ಮರದ ಗೋಡೆಗಳನ್ನು ನಿಲ್ಲಿಸಿ, ಕಾಡಿಗೆ ದೊಡ್ಡ ಬೆಂಕಿ ಕೊಟ್ಟರು. 10 ಮೀಟರಿನ ಗೋಡೆ ಕೆಲವು ಸಲ ಹೊತ್ತಿಕೊಂಡಿತು. 30 ಮೀಟರಿನದು ಹೊತ್ತಲಿಲ್ಲ. ಅದೂ ಮರದ ತುದಿಯ ತನಕ ಉರಿಯುವ ಬೆಂಕಿಯ ಎದುರು. ನಿಮ್ಮದು ಕೆಂಪು ಕಲ್ಲಿನ ಗೋಡೆ, ಎದುರು ಹುಲ್ಲಿನ ಬೆಂಕಿ.

ಹಾಗಂತ ಕಲ್ಲಿನ ಗೋಡೆ ಇದೆ ಅಂತ ಆರಾಮವಾಗಿ ಇರಲೂ ಆಗದು. ಅಮೆರಿಕದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಸ್ಪೆರಿ ಶಲೇ (Sperry Chalet) ಅನ್ನುವ ಹಳೆಯ ವಸತಿಗೃಹ ಇದೆ. ಗೋಡೆ ದಪ್ಪ ಕಲ್ಲಿನದು, ಒಳಗೆ ಮಾಡು, ನೆಲ, ಮೆಟ್ಟಿಲು ಎಲ್ಲ ಮರ. ಅಂದರೆ ನಿಮ್ಮ ಮನೆಯ ಜಾತಿಯದೇ. 2017ರ ಆಗಸ್ಟ್ 31ರಂದು ಹತ್ತಿರದ ಕಾಡಿನ ಬೆಂಕಿಯಿಂದ ಅದು ಸುಟ್ಟುಹೋಯಿತು. ಆ ಹೊತ್ತಿಗೆ ಅಲ್ಲಿ ಅಗ್ನಿಶಾಮಕದವರಿದ್ದರು, ಪಂಪು, ಹೋಸ್, ಸ್ಪ್ರಿಂಕ್ಲರ್ ಎಲ್ಲ ಜೋಡಿಸಿ ಇಟ್ಟಿದ್ದರು, ಮೇಲಿಂದ ಹೆಲಿಕಾಪ್ಟರ್ ನೀರು ಸುರಿಯುತ್ತಿತ್ತು. ಆದರೂ ಮಾಡಿನ ಅಂಚಿನ ಸಂದಿಯಲ್ಲಿ ಒಂದು ಕೆಂಡ ಹೊಕ್ಕಿರಬೇಕು ಅನ್ನುತ್ತಾರೆ. ಕೊನೆಗೆ ಉಳಿದದ್ದು ಬರೀ ಕಲ್ಲಿನ ಗೋಡೆ. ಆ ಗೋಡೆಗಳನ್ನೇ ಇಟ್ಟುಕೊಂಡು ಮತ್ತೆ ಕಟ್ಟಿದರು. ಆಮೇಲಿಂದ ಯಾವ ಕಟ್ಟಡಕ್ಕೆ ಹೋದರೂ ನಾನು ಮಾಡಿನ ಅಂಚಿಗೆ ಕೈ ಹಾಕಿ ನೋಡದೆ ಬರುವುದಿಲ್ಲ.

ನಿಮ್ಮ ನೆರೆಮನೆಯವರು ಹೇಳಿದ್ದು ಅರ್ಧ ನಿಜ. ಹಂಚು ಸುಡುವುದಿಲ್ಲ, ಅದು ಆಗಲೇ ಗೂಡಿನಲ್ಲಿ ಸುಟ್ಟು ಬಂದದ್ದು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದಾಗಿನಿಂದ ಮುಳಿಹುಲ್ಲಿನ ಮಾಡಿನ ಬದಲಿಗೆ ಹಂಚು ಬಂದದ್ದೇ ಈ ಕರಾವಳಿಯ ಮನೆಗಳಿಗೆ ಸಿಕ್ಕ ದೊಡ್ಡ ಬೆಂಕಿ ಸುರಕ್ಷತೆ. ಆದರೆ ಹಂಚಿನ ಮಾಡು ಮುಚ್ಚಿದ ಮಾಡಲ್ಲ. ಹಂಚಿಗೂ ಹಂಚಿಗೂ ನಡುವೆ ಸಂದಿ. ಹೊಗೆ ಹೋಗಲಿ, ಗಾಳಿ ಆಡಲಿ ಅಂತಲೇ ಹಾಗೆ. ಅದೇ ಸಂದಿಯಿಂದ ಕಿಡಿಯೂ ಒಳಗೆ ಬರುತ್ತದೆ. ಎರಡು ಮಾಡು ಕೂಡುವ ಮೂಲೆಯಲ್ಲಿ ಹಲಸು, ಮಾವಿನ ತರಗೆಲೆ ಒಟ್ಟಾಗಿರುತ್ತದೆ.

ಹಗಲು ಹೊತ್ತಿನಲ್ಲಿ ಒಮ್ಮೆ ಅಟ್ಟ ಹತ್ತಿ ಟಾರ್ಚ್ ಬಿಟ್ಟು ನೋಡಿ. ನಾನು ನೋಡಿದ ಇಂಥ ಮನೆಗಳ ಅಟ್ಟದಲ್ಲಿ ಇರುವುದು ಹೆಚ್ಚುಕಡಿಮೆ ಒಂದೇ. ಮೂಲೆಗೆ ಒರಗಿಸಿದ ಹಳೆ ಚಾಪೆ, ಗೋಣಿಗಳ ಕಟ್ಟು, ಮಕ್ಕಳ ಹಳೆ ಪುಸ್ತಕ, ಮದುವೆಗೆ ತಂದು ಉಳಿದ ಹಾಳೆ ತಟ್ಟೆ. ಮಾಡು ಹೊತ್ತ ಪಕ್ಕಾಸಿನಿಂದ ಪಕ್ಕಾಸಿಗೆ ಜೇಡರ ಬಲೆ. ಇಲಿ ತಂದು ಗುಡ್ಡೆ ಹಾಕಿದ ಅಡಿಕೆ ಸಿಪ್ಪೆ, ಹತ್ತಿಯ ಹಾಗೆ ಮೆತ್ತಗೆ, ಚೆನ್ನಾಗಿ ಒಣಗಿದ್ದು. ಅದರ ಪಕ್ಕದಲ್ಲೇ ಮರದ ಪಟ್ಟಿಯೊಳಗೆ ಹೋದ ವೈರು, ಇಲಿ ಕಡಿದ ಜಾಗದಲ್ಲಿ ತಾಮ್ರ ಹೊಳೆಯುತ್ತಿರುತ್ತದೆ. ಒಂದು ಕಿಡಿಗೆ ಬೇಕಾದ್ದೆಲ್ಲ ಅಲ್ಲಿ ರೆಡಿ ಇದೆ. ಕಿಡಿ ಗುಡ್ಡೆಯಿಂದ ಬಂದರೂ ಸರಿ, ವೈರಿನಿಂದ ಬಂದರೂ ಸರಿ.

ಹಾಗಾಗಿ ಅಟ್ಟ ಖಾಲಿ ಮಾಡುವುದು ಮೊದಲ ಕೆಲಸ. ಇದಕ್ಕೆ ದುಡ್ಡು ಬೇಡ, ಎರಡು ದಿನದ ಧೂಳು ಸಹಿಸಿಕೊಳ್ಳಬೇಕು ಅಷ್ಟೆ. ಆಮೇಲೆ ಮಾಡಿನ ಅಂಚು, ಗಾಳಿಕಿಂಡಿ, ಗೋಡೆಗೂ ಪಕ್ಕಾಸಿಗೂ ನಡುವಿನ ತೂತುಗಳಿಗೆ ಲೋಹದ ಬಲೆ ಹೊಡೆಸಿ. ಕಣ್ಣು 3 ಮಿಲಿಮೀಟರಿಗಿಂತ ದೊಡ್ಡದಿರಬಾರದು. ನೈಲಾನ್ ಸೊಳ್ಳೆ ಬಲೆ ಪ್ರಯೋಜನವಿಲ್ಲ, ಕಿಡಿ ಬಿದ್ದರೆ ಕರಗುತ್ತದೆ. ನಮ್ಮ ಮಳೆಗೆ ಸಾದಾ ಕಬ್ಬಿಣದ ಬಲೆ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ. ಇಲಿ, ಬಾವಲಿ ಕಾಟವೂ ಕಡಿಮೆಯಾಗುತ್ತದೆ, ಅದು ಲಾಭ. ವರ್ಷಕ್ಕೊಮ್ಮೆ, ಡಿಸೆಂಬರಿನಲ್ಲಿ ಹಂಚು ಕೆದಕಿಸಿ ಮೂಲೆಯ ತರಗೆಲೆ ತೆಗೆಸಿ. ಹೇಗೂ ಮಳೆಗಾಲಕ್ಕೆ ಮೊದಲು ಹಂಚು ಹೊರಳಿಸುವವರನ್ನು ಕರೆಯುತ್ತೀರಲ್ವಾ, ಅದರ ಜೊತೆಗೆ ಇದು ಇನ್ನೊಂದು ಸಲ.

ಇನ್ನು ಮನೆಯ ಸುತ್ತ. ಗೋಡೆಯಿಂದ ಒಂದೂವರೆ ಮೀಟರ್ ಒಳಗೆ ಸುಡುವ ವಸ್ತು ಏನೂ ಇರಬಾರದು. ಹಳಬರ ಸಗಣಿ ಸಾರಿಸಿದ ಅಂಗಳ ಇದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ನಮ್ಮಲ್ಲಿ ಒಂದು ಕೆಟ್ಟ ಹೊಂದಿಕೆ ಇದೆ. ಮಳೆಗಾಲಕ್ಕೆ ಬೇಕಾದ ಕಟ್ಟಿಗೆಯನ್ನು ಒಟ್ಟುವುದು ಮಾರ್ಚ್, ಏಪ್ರಿಲ್‌ನಲ್ಲಿ, ಅದೂ ಹಿಂಬದಿ ಜಗಲಿಯಲ್ಲಿ ಮಾಡಿಗೆ ತಾಗುವ ಹಾಗೆ. ಅಂಗಳಕ್ಕೆ ಮಡಲಿನ ಚಪ್ಪರ ಹಾಕುವುದೂ ಅದೇ ಬೇಸಿಗೆಯಲ್ಲಿ, ಮನೆಯ ಮಾಡಿಗೆ ಸೇರಿಸಿ. ಕಳೆದ ಮಳೆಗಾಲದ ತಟ್ಟಿಗಳೂ ಅಲ್ಲೇ ಮೂಲೆಯಲ್ಲಿ. ಕಾಯಿ ಸಿಪ್ಪೆಯ ರಾಶಿ ಬಚ್ಚಲಿನ ಗೋಡೆಗೆ ಒರಗಿ. ಬೆಂಕಿಯ ತಿಂಗಳಲ್ಲೇ ಸೌದೆಯನ್ನೆಲ್ಲ ಮನೆಗೆ ಅಂಟಿಸಿ ಇಡುತ್ತೇವೆ. ಹೋಮ್‌ಸ್ಟೇ ಆದಮೇಲೆ ಚಂದಕ್ಕೆ ಅಂತ ಇನ್ನೂ ನಾಲ್ಕು ಸೋಗೆ ಚಪ್ಪರ ಸೇರುತ್ತದೆ. ಹಸಿರು ನೆಟ್ ಹಾಕಿದರೆ ಆಯಿತಾ? ಅದು ಪ್ಲಾಸ್ಟಿಕ್ಕು, ಉರಿಯುತ್ತಾ ಹನಿ ಹನಿಯಾಗಿ ಕೆಳಗೆ ಬೀಳುತ್ತದೆ. ಚಪ್ಪರ ಬೇಕೇ ಬೇಕಾದರೆ ಮನೆಯ ಮಾಡಿನಿಂದ ಬಿಡಿಸಿ, ನಡುವೆ ಅಂತರ ಇಟ್ಟು ಹಾಕಿ. ಕಟ್ಟಿಗೆ, ಬೈಹುಲ್ಲಿನ ಕುತ್ತರಿ ಮನೆಯಿಂದಲೂ ದನದ ಹಟ್ಟಿಯಿಂದಲೂ 10 ಮೀಟರ್ ಆಚೆ ಇರಲಿ. ರಬ್ಬರ್ ಶೀಟು ಒಣಗಿಸುವ ಹೊಗೆಗೂಡು ಇದ್ದರೆ ಅದು ಇನ್ನೂ ದೂರ, ಯಾಕೆಂದರೆ ಶೀಟು ಜಾರಿ ಬೆಂಕಿಯ ಮೇಲೆ ಬೀಳುವುದು ಮಾಮೂಲು. 30 ಮೀಟರ್ ತನಕ ನಿಮ್ಮ ಜಾಗದ ಹುಲ್ಲು ಕತ್ತರಿಸಿ, ತರಗೆಲೆ ಗುಡಿಸಿ ಗೊಬ್ಬರದ ಗುಂಡಿಗೆ ಹಾಕಿ. ಮರ ಕಡಿಯುವ ಅಗತ್ಯ ಇಲ್ಲ. ಮಾಡಿನ ಮೇಲೆ ಬಾಗಿದ ಕೊಂಬೆ ಮಾತ್ರ ತೆಗೆಸಿ. ನೀರು ಬಿಡುವ ಹಸಿ ಅಡಿಕೆ ತೋಟ ಬೆಂಕಿಗೆ ಒಳ್ಳೆಯ ತಡೆಯೇ. ನಿಮ್ಮ ತೋಟ ಗುಡ್ಡೆಗೂ ಮನೆಗೂ ನಡುವೆ ಇದ್ದರೆ ನೀವು ಅದೃಷ್ಟವಂತರು.

ಯಜಮಾನರ ಉಪಾಯಕ್ಕೆ ನನ್ನ ಉತ್ತರ, ಬೇಡ. ಬೆಂಕಿ ರೇಖೆ ಸುಡುವುದು, ಅಂದರೆ ಬೆಂಕಿ ದಾಟದ ಹಾಗೆ ಒಂದು ಪಟ್ಟಿಯ ಹುಲ್ಲನ್ನು ಮೊದಲೇ ಸುಟ್ಟಿಡುವುದು, ನಿಜಕ್ಕೂ ಒಂದು ವಿಧಾನ, ಅರಣ್ಯ ಇಲಾಖೆಯವರು ಬೇಸಿಗೆಗೆ ಮೊದಲೇ ಅದನ್ನು ಮಾಡುತ್ತಾರೆ. ಆದರೆ ಅದಕ್ಕೆ ಹೊತ್ತು, ಗಾಳಿ, ಹುಲ್ಲಿನ ಹಸಿ ಎಲ್ಲ ನೋಡಬೇಕು, ಸಾಲಾಗಿ ಜನ ನಿಲ್ಲಬೇಕು. ಮಾರ್ಚ್‌ನಲ್ಲಿ ಮನೆಯವರು ಇಬ್ಬರು ಮೂವರು ನಿಂತು ಬೆಂಕಿ ಕೊಟ್ಟರೆ ಅದು ಕೈಗೆ ಸಿಗುವುದಿಲ್ಲ. ಆ ಬೆಂಕಿ ಉದ್ಯಾನದ ಒಳಗೆ ಹೋದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗಡಿಯ ಪಟ್ಟಿಯಲ್ಲಿ ಹುಲ್ಲು ತೆಗೆಯಬೇಕು ಅಂತ ಕಂಡರೆ ನವೆಂಬರಿನಲ್ಲೇ ವಲಯ ಅರಣ್ಯಾಧಿಕಾರಿಗೆ ಒಂದು ಅರ್ಜಿ ಕೊಡಿ. ಆಗ ಕೊಟ್ಟ ಅರ್ಜಿಗೆ ಬೆಲೆ ಇದೆ. ಹೊಗೆ ಎದ್ದ ಮೇಲೆ ಫೋನು ಮಾಡಿ ಬೈದರೆ ಅವರೂ ಏನು ಮಾಡಿಯಾರು.

ಸೇಲ್ಸ್‌ನವರ ಮೂರು ಸಾಮಾನು. ಫೈರ್ ಬಾಲ್ ಮುಚ್ಚಿದ ಸಣ್ಣ ಜಾಗಕ್ಕೆ, ಉದಾಹರಣೆಗೆ ಕರೆಂಟಿನ ಬೋರ್ಡಿನ ಪೆಟ್ಟಿಗೆಗೋ ಜನರೇಟರ್ ಕೋಣೆಗೋ, ಪರವಾಗಿಲ್ಲ. ಎತ್ತರದ ಮುಚ್ಚಿಗೆಯ ಮಲಗುವ ಕೋಣೆಯಲ್ಲಿ ಅದು ಒಡೆಯಬೇಕಾದರೆ ಉರಿ ಅದನ್ನು ಮುಟ್ಟಬೇಕು, ಅಷ್ಟರಲ್ಲಿ ಹೊಗೆ ತನ್ನ ಕೆಲಸ ಮುಗಿಸಿರುತ್ತದೆ. ಪೇಂಟಿನ ವಿಷಯ: ಬಿಸಿಗೆ ಉಬ್ಬಿ ಮರವನ್ನು ಕಾಪಾಡುವ ಬಣ್ಣ ಇರುವುದು ನಿಜ, ಒಳಗಿನ ಮೆಟ್ಟಿಲಿಗೆ, ಮುಚ್ಚಿಗೆಯ ಅಡಿಗೆ ಬಳಸಬಹುದು. ಆದರೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಾಗದಲ್ಲಿ ಹೊರಗಿನ ಮರಕ್ಕೆ ಹಚ್ಚಿದ್ದು ಎಷ್ಟು ದಿನ ಬಂದೀತು? ಅಲ್ಲದೆ ನಿಮ್ಮ ಮನೆಯ ಹಲಸು, ತೇಗದ ದಪ್ಪ ತೊಲೆಗಳಿಗೆ ಅದು ಬೇಡವೇ ಬೇಡ. ದಪ್ಪ ಮರ ನಿಮಿಷಕ್ಕೆ ಅರ್ಧದಿಂದ ಮುಕ್ಕಾಲು ಮಿಲಿಮೀಟರಿನಷ್ಟು ಮಾತ್ರ ಕರಕಲಾಗುತ್ತದೆ, ಆ ಕರಕಲೇ ಒಳಗಿನ ಮರಕ್ಕೆ ರಕ್ಷಣೆ. ಬೇಗ ಹತ್ತುವುದು ಹಂಚು ಕೂರುವ ತೆಳ್ಳಗಿನ ರೀಪು, ಮುಚ್ಚಿಗೆಯ ಹಲಗೆ. ತೊಲೆಗೆ ಬಣ್ಣ ಬಳಿಸುವ ದುಡ್ಡಿನಲ್ಲಿ ವೈರಿಂಗ್ ಬದಲಿಸಿದರೆ ಸಾವಿರ ಪಾಲು ಮೇಲು.

ಮಾಡಿನ ಸ್ಪ್ರಿಂಕ್ಲರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಅದು ಪೂರ್ತಿ ಸುಳ್ಳಲ್ಲ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಓಲ್ಡ್ ಫೇಯ್ತ್‌ಫುಲ್ ಇನ್ ಅನ್ನುವ ದೊಡ್ಡ ಮರದ ವಸತಿಗೃಹ ಇದೆ, 1904ರಲ್ಲಿ ತೆರೆದದ್ದು. 1988ರ ಸೆಪ್ಟೆಂಬರ್ 7ರಂದು ಕಾಡಿನ ಬೆಂಕಿ ಅದರ ಬಾಗಿಲಿಗೇ ಬಂದಿತ್ತು. ಕಟ್ಟಡ ಉಳಿಯಿತು. ಮಾಡಿನ ಮೇಲೆ ಹಾಕಿಸಿದ್ದ ಸ್ಪ್ರಿಂಕ್ಲರ್ ಮಾಡನ್ನು ತೋಯಿಸಿ ಇಟ್ಟಿತ್ತು, ಅದರ ಜೊತೆ ಸಿಬ್ಬಂದಿಯ ದೊಡ್ಡ ಪಡೆ ಇತ್ತು, ಕೊನೆ ಗಳಿಗೆಯಲ್ಲಿ ಗಾಳಿಯೂ ತಿರುಗಿತು. ಸ್ಪೆರಿಯಲ್ಲಿ ಸ್ಪ್ರಿಂಕ್ಲರ್ ಇದ್ದೂ ಉಳಿಯಲಿಲ್ಲ. ಅಲ್ಲಿನದು ಮರದ ಮಾಡು, ಒದ್ದೆ ಮಾಡಿದರೆ ಪ್ರಯೋಜನ. ನಿಮ್ಮದು ಸುಡದ ಹಂಚು, ಅಪಾಯ ಇರುವುದು ಹಂಚಿನ ಅಡಿಯಲ್ಲಿ, ಅಲ್ಲಿಗೆ ಆ ನೀರು ತಲುಪುವುದಿಲ್ಲ. ನಿಮ್ಮ ತೋಟದಲ್ಲಿ ಆಗಲೇ ನೀರು ಚಿಮ್ಮಿಸುವ ಜೆಟ್ಟು, ಪೈಪು ಇರಬೇಕಲ್ಲ? ಅದರಿಂದಲೇ ಎರಡು ಜೆಟ್ಟು ಮನೆಯ ಮೇಲಿನ ಬದಿಗೆ, ಎರಡು ಪಡುವಣ ಬದಿಗೆ ತಿರುಗಿಸಿ, ನೆಲ ತೋಯುವ ಹಾಗೆ ಇಟ್ಟರೆ ಸಾಕು. ಒಂದೇ ತೊಂದರೆ, ಬೆಂಕಿ ಬಿದ್ದ ದಿನ ಕರೆಂಟು ಇರುವುದಿಲ್ಲ. ಆದ್ದರಿಂದ ಡೀಸೆಲ್ ಪಂಪು ಬೇಕು, ಇಲ್ಲವೇ ಗುಡ್ಡೆಯ ಮೇಲೆ ಟಾಂಕಿ. ಟಾಂಕಿ ಮನೆಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು 1 ಬಾರ್ ಒತ್ತಡ ತನ್ನಷ್ಟಕ್ಕೇ ಸಿಗುತ್ತದೆ. ಕೈಯಲ್ಲಿ ಹೋಸ್ ಹಿಡಿದು ಕಿಡಿ ಆರಿಸಲು ಅಷ್ಟು ಸಾಕು. ಮಾರ್ಚ್ ತಿಂಗಳಲ್ಲಿ ಬಾವಿಯ ನೀರು ಎಷ್ಟು ಉಳಿದಿರುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ.

ಈಗ ಉಪ್ಪರಿಗೆಗೆ ಬರೋಣ. ಇದನ್ನು ಓದಿ ನಿಮಗೆ ಬೇಸರವಾಗಬಹುದು. ಇಂಥ ಮನೆಗಳಲ್ಲಿ ಉಪ್ಪರಿಗೆಗೆ ಒಂದೇ ಮೆಟ್ಟಿಲು. ಮರದ್ದು, ಕಡಿದು, ಎರಡು ಗೋಡೆಯ ನಡುವೆ. ಮೇಲೆ ಹಲವು ಕಡೆ ಮುಚ್ಚುವ ಹಲಗೆ. ಕೆಳಗಿನ ತುದಿ ಅಡುಗೆಮನೆಯ ಹತ್ತಿರ. ಕಿಟಕಿಗಳಿಗೆ ಮರದ ದಳಿ, ಇಲ್ಲವೇ ಕಬ್ಬಿಣದ ಸರಳು. ರಾತ್ರಿ ಎರಡು ಗಂಟೆಗೆ ಕೆಳಗೆ ಬೆಂಕಿ ಹತ್ತಿದರೆ ಹೊಗೆ ಹೋಗುವುದು ಆ ಮೆಟ್ಟಿಲಿನ ಮೂಲಕ ಮೇಲಕ್ಕೆ, ಅದು ಹೊಗೆಕೊಳವೆಯಾಗುತ್ತದೆ. ಮೇಲೆ ಮಲಗಿದವರು ಬೆಂಗಳೂರಿನಿಂದ ಬಂದವರು, ಮನೆಯ ಮೂಲೆಗಳು ಗೊತ್ತಿಲ್ಲ, ಕತ್ತಲು. ಮನೆಯ ಬೆಂಕಿಯಲ್ಲಿ ಜನ ಸಾಯುವುದು ಹೆಚ್ಚಾಗಿ ಉರಿಯಿಂದಲ್ಲ, ನಿದ್ದೆಯಲ್ಲೇ ಕುಡಿದ ಹೊಗೆಯಿಂದ.

ಹಾಗಾಗಿ ಎರಡನೇ ದಾರಿ ಆಗುವ ತನಕ ಉಪ್ಪರಿಗೆಯಲ್ಲಿ ಯಾರೂ ರಾತ್ರಿ ಮಲಗಬಾರದು. ಅತಿಥಿಗಳನ್ನು ಕೆಳಗೆ ಹಾಕಿ ನಾವು ಮೇಲೆ ಮಲಗುತ್ತೇವೆ ಅನ್ನುವುದೂ ಪರಿಹಾರವಲ್ಲ. ದಾರಿಗಳು ಮೂರಿವೆ. ಉಪ್ಪರಿಗೆಯ ಇನ್ನೊಂದು ತುದಿಯಿಂದ ಅಂಗಳಕ್ಕೆ ಹೊರಮೆಟ್ಟಿಲು ಕಟ್ಟಿಸುವುದು ಎಲ್ಲಕ್ಕಿಂತ ಒಳ್ಳೆಯದು. ಕೆಂಪು ಕಲ್ಲಿನಲ್ಲೇ ಕಟ್ಟಿದರೆ ಮನೆಯ ಅಂದಕ್ಕೂ ಕುಂದಿಲ್ಲ, ಆದರೆ ಖರ್ಚಿದೆ, ಹಳೆ ಗೋಡೆಯಲ್ಲಿ ಬಾಗಿಲು ಒಡೆಯುವಾಗ ಒಳ್ಳೆಯ ಮೇಸ್ತ್ರಿ ಬೇಕು. ಖರ್ಚು ಕಡಿಮೆ ಬೇಕಾದರೆ ಪ್ರತಿ ಕೋಣೆಯ ಒಂದು ಕಿಟಕಿಯ ಸರಳನ್ನು ಒಳಗಿನಿಂದ ತೆರೆಯುವ ಬಾಗಿಲಿನ ಹಾಗೆ ಮಾಡಿಸಿ, ಕೆಳಗೆ ಜಗಲಿಯ ಮಾಡಿನ ಮೇಲೆ ಇಳಿಯಲು ಏಣಿ ಇಡುವುದು. ಇದರಲ್ಲಿ ವಯಸ್ಸಾದವರು, ಸಣ್ಣ ಮಕ್ಕಳು ಇಳಿಯಲಾರರು, ಹಂಚಿನ ಮೇಲೆ ಕಾಲಿಟ್ಟರೆ ಒಡೆಯುತ್ತದೆ. ಬೀಗ ಹಾಕಿ ಕೀಲಿ ಕಳೆದುಕೊಳ್ಳುವವರೂ ಇದ್ದಾರೆ. ಮೂರನೆಯದು, ಉಪ್ಪರಿಗೆಯನ್ನು ಹಗಲು ಕೂರಲು, ಓದಲು, ಗುಡ್ಡೆ ನೋಡಲು ಇಟ್ಟು, ಕೆಳಗೆ ಒಂದೋ ಎರಡೋ ಕೋಣೆ ಮಾತ್ರ ಬಾಡಿಗೆಗೆ ಕೊಡುವುದು. ಆದಾಯ ಕಡಿಮೆ. ನನ್ನನ್ನು ಕೇಳಿದರೆ ಈ ವರ್ಷ ಮೂರನೆಯದು, ಮುಂದಿನ ವರ್ಷ ಹೊರಮೆಟ್ಟಿಲು.

ಯಾವುದನ್ನು ಮಾಡಿದರೂ ಹೊಗೆ ಅಲಾರ್ಮ್ ಬೇಕು. ಬ್ಯಾಟರಿಯ ಫೋಟೋಎಲೆಕ್ಟ್ರಿಕ್ (ಬೆಳಕಿನಿಂದ ಹೊಗೆ ಗುರುತಿಸುವ) ಅಲಾರ್ಮ್ ಸಾಕು. ಮಲಗುವ ಕೋಣೆಗಳಲ್ಲಿ, ಮೆಟ್ಟಿಲಿನ ತಲೆಯಲ್ಲಿ ಹಾಕಿ. ಒಲೆ ಉರಿಯುವ ಅಡುಗೆಮನೆ, ಬಚ್ಚಲಿನ ಹತ್ತಿರ ಹಾಕಿದರೆ ದಿನಾ ಕೂಗಿ, ಕೊನೆಗೆ ನೀವೇ ಬ್ಯಾಟರಿ ತೆಗೆದಿಡುತ್ತೀರಿ.

ಬೆಂಕಿ ಎಲ್ಲಿಂದ ಹುಟ್ಟುತ್ತದೆ? ಹೋಮ್‌ಸ್ಟೇ ಆದ ಹಳೆ ಮನೆಯಲ್ಲಿ ನನ್ನ ಮೊದಲ ಅನುಮಾನ ವೈರಿಂಗ್ ಮೇಲೆ. ನಾಲ್ಕು ಬಲ್ಬು, ಎರಡು ಫ್ಯಾನಿಗೆ ಅಂತ ಎಳೆದ ಲೈನು. ಅದಕ್ಕೇ ಈಗ ಗೀಸರ್, ಎಸಿ, ಕೆಟಲ್. ಗೀಸರ್, ಎಸಿಗೆ 4 ಚದರ ಮಿಲಿಮೀಟರಿನ ತಾಮ್ರದ ವೈರು ಬೇರೆಯಾಗಿ ಬೋರ್ಡಿನಿಂದಲೇ ಎಳೆಸಿ. ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್ಚು) ಹಾಕಿದ್ದೇವೆ, ಟ್ರಿಪ್ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಸಡಿಲವಾದ ಜಾಯಿಂಟ್ ಬಿಸಿಯಾಗುತ್ತಾ ಇದ್ದರೆ ಎಂಸಿಬಿಗೂ ಗೊತ್ತಾಗುವುದಿಲ್ಲ, ಕರೆಂಟು ಸೋರಿದರೆ ಕಡಿಯುವ ಆರ್‌ಸಿಸಿಬಿಗೂ ಗೊತ್ತಾಗುವುದಿಲ್ಲ. ಸ್ವಿಚ್ ಬೋರ್ಡ್ ಮುಟ್ಟಿದಾಗ ಬೆಚ್ಚಗಿದ್ದರೆ, ಕಂದು ಬಣ್ಣಕ್ಕೆ ತಿರುಗಿದ್ದರೆ, ಮೀನಿನ ವಾಸನೆಯ ಹಾಗೆ ಏನೋ ಬಂದರೆ ಅಂದೇ ಎಲೆಕ್ಟ್ರಿಷಿಯನ್ ಕರೆಸಿ. ಅಟ್ಟದ ವೈರೆಲ್ಲ ಪೈಪಿನೊಳಗೆ ಹೋಗಲಿ. ಗ್ಯಾಸಿನ ಕಿತ್ತಳೆ ಬಣ್ಣದ ಹೋಸಿಗೆ 5 ವರ್ಷ ಆಯುಷ್ಯ, ಅದರ ಮೇಲೆ ಇಸವಿ ಬರೆದಿರುತ್ತದೆ, ನೋಡಿ. ಸಿಲಿಂಡರನ್ನು ಕಟ್ಟಿಗೆ ಒಲೆಯ ಪಕ್ಕದಲ್ಲಿ ಇಡಬೇಡಿ. ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲೇ ಹರಿದು ಒಲೆಯ ಬಾಯಿಗೆ ಹೋಗುತ್ತದೆ.

ಅತಿಥಿಗಳು ಕೇಳುವ ಕ್ಯಾಂಪ್ ಫೈರ್ ಜನವರಿಯಿಂದ ಮಳೆ ಬರುವ ತನಕ ಇಲ್ಲ ಅಂತ ಬುಕಿಂಗ್ ಹೊತ್ತಿಗೇ ಹೇಳಿಬಿಡಿ. ಒಂದಿಬ್ಬರು ಕ್ಯಾನ್ಸಲ್ ಮಾಡಬಹುದು, ಮಾಡಲಿ.

ಕೆಳಗೊಂದು, ಮೇಲೊಂದು ಬೆಂಕಿ ಆರಿಸುವ 6 ಕಿಲೋದ ಎಬಿಸಿ ಪೌಡರ್ ಸಿಲಿಂಡರ್ (ಕಟ್ಟಿಗೆ, ಎಣ್ಣೆ, ಗ್ಯಾಸ್ ಮೂರೂ ಬೆಂಕಿಗೆ ಆಗುವಂಥದ್ದು) ಇಟ್ಟುಕೊಳ್ಳಿ. ಅದು ಬರುವುದು ಹದಿನೈದು ಇಪ್ಪತ್ತು ಸೆಕೆಂಡು ಮಾತ್ರ. ಬುಟ್ಟಿಯಷ್ಟು ಬೆಂಕಿಗೆ ಸರಿ, ಕೋಣೆ ಹತ್ತಿಕೊಂಡ ಮೇಲೆ ಅದನ್ನು ಹಿಡಿದು ನಿಲ್ಲಬೇಡಿ. ಕಾರ್ಕಳದಿಂದ ಅಗ್ನಿಶಾಮಕದ ಗಾಡಿ ನಿಮ್ಮಲ್ಲಿಗೆ ಬರಲು ಅರ್ಧ ಗಂಟೆ ಹಿಡಿಯಿತು ಅಂದುಕೊಳ್ಳಿ. ಬಂದರೂ ನಿಮ್ಮ ಮನೆಯ ದಾರಿಯ ಮೋರಿ ಹತ್ತು ಟನ್ನಿಗಿಂತ ಜಾಸ್ತಿ ಭಾರ ತಡೆಯುತ್ತದಾ? ಗೇಟಿನ ಅಗಲ ಮೂರೂವರೆ ಮೀಟರ್ ಇದೆಯಾ? ಠಾಣೆಯವರನ್ನು ಒಮ್ಮೆ ಕರೆದು ತೋರಿಸಿ. ಕರೆದರೆ ಬರುತ್ತಾರೆ.

ಗುಡ್ಡೆಯಲ್ಲಿ ಮತ್ತೆ ಹೊಗೆ ಕಂಡ ದಿನ ಏನು ಮಾಡಬೇಕು ಅಂತಲೂ ಹೇಳಿಬಿಡುತ್ತೇನೆ. 112ಕ್ಕೆ ಫೋನು, ಅರಣ್ಯ ಇಲಾಖೆಗೆ ಫೋನು. ಅತಿಥಿಗಳನ್ನು ಮೊದಲೇ ಬಜಗೋಳಿ ಕಡೆಗೆ ಕಳಿಸಿ, ಬೆಂಕಿ ನೋಡಲು ನಿಲ್ಲಿಸಿಕೊಳ್ಳಬೇಡಿ. ಕಿಟಕಿ ಬಾಗಿಲು ಮುಚ್ಚಿ, ಗ್ಯಾಸ್ ಬಂದ್ ಮಾಡಿ, ದನಗಳ ಕಣ್ಣಿ ಬಿಚ್ಚಿ, ಗೇಟು ತೆರೆದಿಡಿ. ಬೆಂಕಿ ಹಾದುಹೋದ ಮೇಲೆ ಎಲ್ಲರೂ ಮಲಗಿಬಿಡುತ್ತಾರೆ, ಅಲ್ಲೇ ತಪ್ಪುವುದು. ಅಟ್ಟದಲ್ಲಿ ಕೂತ ಕೆಂಡ ಗಂಟೆಗಟ್ಟಲೆ ಒಳಗೊಳಗೇ ಹೊಗೆಯಾಡಿ ಆಮೇಲೆ ಹತ್ತುತ್ತದೆ. ಆ ರಾತ್ರಿ ಗಂಟೆಗೊಮ್ಮೆ ಅಟ್ಟ, ಹಟ್ಟಿ, ಕಟ್ಟಿಗೆ ರಾಶಿ ನೋಡಿ ಬರಬೇಕು. ಬಕೆಟ್ ನೀರು, ಒದ್ದೆ ಗೋಣಿ ಕೈಯಲ್ಲಿರಲಿ.

ಮಗಳ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಪಾರ್ಕುಗಳಲ್ಲಿ ಕಟ್ಟಡಗಳ ಬೆಂಕಿಗೇ ಬೇರೆ ವಿಭಾಗ ಇದೆ. ಬೆಂಕಿ ಆರಿಸುವುದಕ್ಕಿಂತ ತಪಾಸಣೆ, ನಕ್ಷೆ ನೋಡುವುದು, ಅಲಾರ್ಮ್ ಪರೀಕ್ಷೆ, ಸಿಬ್ಬಂದಿಗೆ ತರಬೇತಿ, ಇದೇ ದಿನದ ಕೆಲಸ. ನಮ್ಮಲ್ಲಿ ಇದು ಹೆಚ್ಚಾಗಿ ಸಲಹೆಗಾರರಾಗಿ ಮಾಡುವ ಕೆಲಸ, ಸಂಬಳ ಬರುವುದು ಕಾರ್ಖಾನೆ, ಆಸ್ಪತ್ರೆಗಳ ಕೆಲಸದಿಂದ, ಕಾಡಿನ ಕೆಲಸ ಅದರ ನಡುವೆ. ಗಟ್ಟಿಯಾಗಿ ಕಲಿಯಬೇಕಾದರೆ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿನಲ್ಲಿ ಫೈರ್ ಎಂಜಿನಿಯರಿಂಗ್ ಇದೆ. ಅಟ್ಟ ಹತ್ತಲು, ಧೂಳು ಕುಡಿಯಲು, ಒಂದೇ ಮಾತನ್ನು ಹತ್ತು ಜನಕ್ಕೆ ಹತ್ತು ಸಲ ಹೇಳಲು ಬೇಸರ ಇರಬಾರದು.

ಈ ರಜೆಗೆ ಬಂದಾಗ ಅವಳಿಗೆ ಒಂದು ಕೆಲಸ ಕೊಡಿ. ರಾತ್ರಿ, ದೀಪ ಆರಿಸಿ, ಟಾರ್ಚ್ ಇಲ್ಲದೆ, ಉಪ್ಪರಿಗೆಯ ಕೊನೆಯ ಕೋಣೆಯಿಂದ ಅಂಗಳಕ್ಕೆ ಬರಲು ಎಷ್ಟು ಹೊತ್ತು ಬೇಕು ಅಂತ ಗಡಿಯಾರ ಹಿಡಿದು ನೋಡಲಿ. ಮನೆಗೆ ಹೊಸಬರಾದ ನೆಂಟರು ಯಾರಾದರೂ ಇದ್ದರೆ ಅವರನ್ನೂ ನಡೆಸಿ ನೋಡಲಿ. ಆ ಅಂಕಿ, ಎರಡೂ ಮಹಡಿಯ ಕೈನಕ್ಷೆ, ಅಟ್ಟದ ನಾಲ್ಕು ಫೋಟೋ ಕಳಿಸಿ. ಹೊರಮೆಟ್ಟಿಲು ಯಾವ ಗೋಡೆಗೆ ಬರಬೇಕು, ಬಲೆ ಎಲ್ಲೆಲ್ಲಿ ಹೊಡೆಸಬೇಕು ಅಂತ ಗುರುತು ಹಾಕಿ ಕಳಿಸುತ್ತೇನೆ.